ಗೆಳೆಯನಿಗೊಂದು ಪತ್ರ: ಸೇಬಿನ ಮೇಲೊಂದು ಎಲೆಯ ಗುರುತು

ನಗೋಯಾ, ಜಪಾನ್, ನವೆಂಬರ್

ಮಾರಾಯಾ,

"ಉದುರೋ ಎಲೆ ನೋಡೋಕೆ ಟಿಕೆಟ್ ತಗೊಂಡು ಹೋಗ್ತಾರಾ?" ಅಂತ ನೀನು ಕೇಳಿದ್ದೆ. ಉತ್ತರ ಬರೆಯಲು ಹದಿನೈದು ದಿನ ಬೇಕಾಯಿತು, ಬೇಸರ ಮಾಡ್ಕೋಬೇಡ. ಕೊಪ್ಪದಲ್ಲಿ ಕೂತು ವರ್ಷವಿಡೀ ಹಸಿರು ನೋಡುವವನಿಗೆ ಹಾಗೆ ಅನ್ನಿಸುವುದು ಸಹಜ. ಇಲ್ಲಿಗೆ ಬಂದ ಮೊದಲ ವರ್ಷ ನನಗೂ ಹಾಗೇ ಅನ್ನಿಸಿತ್ತು. ಈ ಸಲ ಮೂರು ದಿನ ರಜೆ ಹಾಕಿ ಈನಾ ಕಣಿವೆಗೆ ಹೋಗಿ ಬಂದೆ. ಹೋದದ್ದು ಎಲೆ ನೋಡಲು. ಜಾಸ್ತಿ ಹೊತ್ತು ಕಳೆದದ್ದು ಸೇಬಿನ ತೋಟದಲ್ಲಿ. ಅಲ್ಲಿ ನಿಂತಷ್ಟು ಹೊತ್ತೂ ನಿನ್ನ ನೆನಪೇ.

ಈನಾ ಕಣಿವೆ ಇರುವುದು ನಗಾನೊ ಪ್ರಾಂತ್ಯದ ದಕ್ಷಿಣಕ್ಕೆ. ಪಶ್ಚಿಮಕ್ಕೆ ಕಿಸೋ ಬೆಟ್ಟಸಾಲು, ಪೂರ್ವಕ್ಕೆ ಅಕೈಶಿ ಬೆಟ್ಟಸಾಲು, ನಡುವೆ ತೆನ್‌ರ್ಯೂ ನದಿ. ನಗೋಯಾದಿಂದ ಬಸ್ಸಿಗೆ ಎರಡು ತಾಸಿನ ದಾರಿ. ಎನಾ ಬೆಟ್ಟದ ಹೊಟ್ಟೆಯೊಳಗೆ 8 ಕಿಲೋಮೀಟರ್‌ಗೂ ಉದ್ದದ ಸುರಂಗ ಇದೆ. ಅದನ್ನು ದಾಟಿ ಆಚೆ ಬಂದರೆ ಕಣಿವೆ ಶುರು.

ಮೊದಲ ದಿನ ಕೊಮಗಾನೆ ಊರಿಂದ ರೋಪ್‌ವೇ ಹತ್ತಿ ಬೆಟ್ಟದ ಮೇಲಿನ ಸೆಂಜೋಜಿಕಿಗೆ ಹೋದೆ. ಈ ರೋಪ್‌ವೇ 1967ರಲ್ಲಿ ಶುರುವಾದದ್ದು. ಏಳೂವರೆ ನಿಮಿಷದಲ್ಲಿ 950 ಮೀಟರ್ ಮೇಲೆ ಎತ್ತಿಕೊಂಡು ಹೋಗುತ್ತದೆ. ಮೇಲಿನ ಸ್ಟೇಷನ್ 2,612 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎಲೆ ಎಲ್ಲ ಯಾವಾಗಲೋ ಮುಗಿದಿತ್ತು, ಬಂಡೆಗಳ ಮೇಲೆ ತೆಳ್ಳಗೆ ಹಿಮ. ಬಣ್ಣ ಇಲ್ಲಿ ಬೆಟ್ಟದ ತುದಿಯಿಂದ ಇಳಿಯುತ್ತಾ ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಮೇಲೆ ಶುರುವಾದರೆ, ಕಣಿವೆಗೆ ಬರುವಷ್ಟರಲ್ಲಿ ನವೆಂಬರ್. ಇಳಿಯುವಾಗ ಅದನ್ನೇ ನೋಡುತ್ತಾ ಬಂದೆ. ಮೊದಲು ಬಿಳಿ, ಆಮೇಲೆ ಬೋಳು ಮರ, ಕೆಳಗೆ ಕರಮಾತ್ಸು ಮರಗಳ ಹೊಂಬಣ್ಣ. ಕರಮಾತ್ಸು ಅಂದರೆ ಸೂಜಿಯಂಥ ಎಲೆಯ ಮರ, ಆದರೂ ಎಲೆ ಉದುರಿಸುತ್ತದೆ. ಗಾಳಿ ಬೀಸಿದರೆ ಯಾರೋ ಅರಿಸಿನ ತೂರಿದ ಹಾಗೆ.

ಇನ್ನೂ ಕೆಳಗೆ, ಕೋಜೆಂಜಿ ದೇವಸ್ಥಾನದ ಹತ್ತಿರ ಮೊಮಿಜಿ, ಅಂದರೆ ಮೇಪಲ್ ಮರಗಳು ಕೆಂಪಾಗಿದ್ದವು. ಒಂದು ಎಲೆ ಅಂಗೈಯಲ್ಲಿ ಇಟ್ಟುಕೊಂಡೆ. ಹಸುಗೂಸಿನ ಕೈಯಷ್ಟೇ ಇತ್ತು. ಇಲ್ಲಿಯವರೂ ಮಗುವಿನ ಕೈಗೆ ಮೊಮಿಜಿಯಂಥ ಕೈ ಅನ್ನುತ್ತಾರೆ. ಆಗ ನಿಮ್ಮ ಮನೆ ಹಿಂದಿನ ನಾಗಸಂಪಿಗೆ ನೆನಪಾಯಿತು. ನಮ್ಮಲ್ಲಿ ಕೆಂಪು ಚಿಗುರಿನದು, ಅಲ್ವಾ? ಎಲೆ ಹುಟ್ಟುವಾಗ ಕೆಂಪು, ಬಲಿತರೆ ಹಸಿರು. ಇಲ್ಲಿ ಹಸಿರಾಗಿ ಬಾಳಿ ಹೋಗುವಾಗ ಕೆಂಪಾಗುತ್ತದೆ. ಎರಡಕ್ಕೂ ಬಣ್ಣ ಕೊಡುವುದು ಆಂಥೋಸಯಾನಿನ್ ಅನ್ನುವ ಒಂದೇ ವಸ್ತು. ಚಳಿ ಬಂದಾಗ ಎಲೆಯ ಹಸಿರು ಕರಗುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಒಳ್ಳೆ ಚಳಿ ಇದ್ದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಈ ಕೆಂಪು ಹುಟ್ಟುತ್ತದೆ. ಸೇಬಿನ ಸಿಪ್ಪೆ ಕೆಂಪಾಗುವುದೂ ಇದರಿಂದಲೇ. ಅದಕ್ಕೂ ಬೇಕಾದದ್ದು ಬಿಸಿಲು ಮತ್ತು ಚಳಿ.

ಎಲೆ ನೋಡಲು ಹೋಗುವುದಕ್ಕೆ ಮೊಮಿಜಿಗರಿ ಅನ್ನುತ್ತಾರೆ. ಗರಿ ಅಂದರೆ ಬೇಟೆ. (ನಮಗೆ ಗರಿ ಅಂದರೆ ತೆಂಗಿನ ಗರಿ, ನವಿಲು ಗರಿ. ಕಿವಿಗೆ ಬಿದ್ದಾಗೆಲ್ಲ ಖುಷಿಯಾಗುತ್ತದೆ.) ತೋಟಕ್ಕೆ ಹೋಗಿ ಸೇಬು ಕೀಳುವುದು ರಿಂಗೊಗರಿ. ಎರಡನೇ ದಿನ ಅದಕ್ಕೆ ಹೋದೆ.

ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. ಮೂರು ಕಾಲಿನ ಏಣಿಯ ಮೇಲೆ ನಿಂತಿದ್ದರು. ಮರಗಳ ಬುಡದಲ್ಲಿ ಉದ್ದಕ್ಕೂ ಬೆಳ್ಳಿ ಬಣ್ಣದ ಹಾಳೆ ಹಾಸಿದ್ದರು. ಬಿಸಿಲು ಅದಕ್ಕೆ ಬಡಿದು ಮೇಲೆ ಹೋಗಿ ಹಣ್ಣಿನ ಅಡಿ ಭಾಗಕ್ಕೂ ಬಣ್ಣ ಬರಲಿ ಅಂತ. ಹಣ್ಣಿನ ಸುತ್ತ ಇರುವ ಎಲೆಗಳನ್ನು ಮೊದಲೇ ಕೈಯಿಂದ ಕಿತ್ತಿರುತ್ತಾರೆ. ಒಂದೊಂದು ಹಣ್ಣನ್ನೂ ಮರದಲ್ಲೇ ತಿರುಗಿಸಿ ಇನ್ನೊಂದು ಮುಖಕ್ಕೆ ಬಿಸಿಲು ಕೊಡುತ್ತಾರೆ. ನಮ್ಮಲ್ಲಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಹಾಗೆ, ಕೆಲವರು ಎಳೆ ಸೇಬಿಗೆ ಕಾಗದದ ಚೀಲ ಕಟ್ಟುತ್ತಾರೆ. ಚೀಲ ಕಟ್ಟದೆ ಬಿಸಿಲಲ್ಲೇ ಬೆಳೆದ ಫೂಜಿ ತಳಿಯ ಸೇಬಿಗೆ ಸನ್ ಫೂಜಿ ಎಂದು ಹೆಸರು. ಅದು ನೋಡಲು ಸ್ವಲ್ಪ ಒರಟು, ರುಚಿ ಜಾಸ್ತಿ.

ಒಂದು ಸಾಲಿನಲ್ಲಿ ಮಾತ್ರ ಎಲೆ ಹಾಗೇ ಇತ್ತು. ಯಾಕೆ ಅಂತ ಕೇಳಿದೆ. ಹಣ್ಣಿಗೆ ಊಟ ಹಾಕುವುದೇ ಎಲೆ, ಕಿತ್ತರೆ ಬಣ್ಣ ಬರುತ್ತದೆ, ಸಿಹಿ ಕಡಿಮೆಯಾಗುತ್ತದೆ ಎಂದರು. ಆ ಸಾಲಿನ ಒಂದು ಹಣ್ಣು ಕಿತ್ತು ನನ್ನ ಕೈಗಿಟ್ಟರು. ಕಡುಕೆಂಪು ಸೇಬಿನ ಮೈಮೇಲೆ ಒಂದು ಎಲೆಯ ಆಕಾರ, ಹಳದಿಯಾಗಿ. ತುದಿ, ಅಂಚು ಎಲ್ಲ ಗೊತ್ತಾಗುವಷ್ಟು ಸ್ಪಷ್ಟ. ಎಲೆ ನೆರಳು ಬಿದ್ದಲ್ಲಿ ಬಣ್ಣ ಬಂದಿರಲಿಲ್ಲ. ಅಂಗಡಿಯಲ್ಲಿ ಇದಕ್ಕೆ ಬೆಲೆ ಕಡಿಮೆಯಂತೆ. ನನಗೆ ಅದನ್ನು ತಿನ್ನಲು ಮನಸ್ಸೇ ಬರಲಿಲ್ಲ.

ಕೀಳುವ ರೀತಿಯೂ ಹೇಳಿಕೊಟ್ಟರು. ಹಣ್ಣನ್ನು ಅಂಗೈಯಲ್ಲಿ ಹಿಡಿದು, ತೊಟ್ಟಿನ ಬುಡಕ್ಕೆ ತೋರುಬೆರಳು ಕೊಟ್ಟು, ಮೇಲಕ್ಕೆ ಎತ್ತಬೇಕು. ಸುಮ್ನೆ ಜಗ್ಗಿದರೆ ಪಕ್ಕದ ಮೊಗ್ಗೂ ಮುರಿದು ಬರುತ್ತದೆ. ಅದು ಮುಂದಿನ ವರ್ಷದ ಹಣ್ಣು. ಹಾಗೆ ಕಿತ್ತ ಹಣ್ಣನ್ನು ಅಡ್ಡ ಕತ್ತರಿಸಿದಾಗ ನಡುವೆ ಗಾಜಿನ ಹಾಗೆ ತಿಳಿಯಾದ ಭಾಗ ಕಂಡಿತು. ಅದಕ್ಕೆ ಮಿತ್ಸು, ಅಂದರೆ ಜೇನು ಅನ್ನುತ್ತಾರೆ. ಎಲೆಯಿಂದ ಬಂದ ಸಾರ್ಬಿಟಾಲ್ ಅನ್ನುವ ಸಿಹಿ ವಸ್ತು ಹಣ್ಣಿನ ಸಕ್ಕರೆಯಾಗದೆ ಅಲ್ಲೇ ನಿಂತಿರುತ್ತದೆ. ಹಣ್ಣು ಮರದಲ್ಲೇ ಮಾಗಿದೆ ಅನ್ನುವುದಕ್ಕೆ ಅದೇ ಗುರುತು. ಬೆಂಗಳೂರಿನ ಅಂಗಡಿಯಲ್ಲಿ ಸಿಗುವ ಫೂಜಿಯ ಮೂಲವೂ ಈ ದೇಶವೇ. 1939ರಲ್ಲಿ ಉತ್ತರದ ಅವೊಮೊರಿಯಲ್ಲಿ ಎರಡು ಅಮೆರಿಕನ್ ತಳಿ ಕೂಡಿಸಿದ್ದು, ಹೆಸರಿಟ್ಟದ್ದು 1962ರಲ್ಲಿ.

ಇಷ್ಟು ಕೈಕೆಲಸ ಮಾಡುವವರು ಯಾರು, ಹೇಳು? ಯಜಮಾನರ ಇಬ್ಬರು ಮಕ್ಕಳೂ ಟೋಕಿಯೊದಲ್ಲಿ. ಪಕ್ಕದ ತೋಟ ಆಗಲೇ ಪಾಳು ಬಿದ್ದಿದೆ. ಪಾಳು ತೋಟಕ್ಕೆ ಮೊದಲು ಬರುವುದು ಮಂಗ. ನೀನು ಫೋನಲ್ಲಿ ಬೈಯುವುದೆಲ್ಲ ಅವರ ಬಾಯಲ್ಲಿ ಜಪಾನಿ ಭಾಷೆಯಲ್ಲಿ ಕೇಳಿದೆ. ಬಾಳೆಕಾಯಿ ಬದಲು ಸೇಬು, ಅಷ್ಟೇ. ಒಂದು ಕಚ್ಚು ಕಚ್ಚಿ ಎಸೆದು ಇನ್ನೊಂದಕ್ಕೆ ಕೈ ಹಾಕುತ್ತವೆ.

ಕೋಜೆಂಜಿಯಲ್ಲಿ ಹಾಯತಾರೊ ಎಂಬ ನಾಯಿಯ ಸಮಾಧಿ ಇದೆ. ದೂರದ ಒಂದು ಊರಲ್ಲಿ, ಹೊಲ ಹಾಳಾಗದಿರಲಿ ಅಂತ ವರ್ಷಕ್ಕೊಬ್ಬ ಹುಡುಗಿಯನ್ನು ಬಲಿ ಕೊಡುತ್ತಿದ್ದರಂತೆ. ದೇವರ ವೇಷದಲ್ಲಿ ಬರುತ್ತಿದ್ದದ್ದು ದೊಡ್ಡ ಮಂಗಗಳು. ಈ ನಾಯಿ ಅಲ್ಲಿಗೆ ಹೋಗಿ ಅವನ್ನು ಕೊಂದು, ಗಾಯ ಹೊತ್ತು ದೇವಸ್ಥಾನಕ್ಕೆ ವಾಪಸ್ ಬಂದು ಸತ್ತಿತು ಅಂತ ಕತೆ. ನಿನ್ನ ಕರಿಯನಿಗೆ ಇದನ್ನು ಓದಿ ಹೇಳು.

ಕೊನೆಯ ದಿನ ಈದಾ ಪೇಟೆ. 1947ರ ಬೆಂಕಿಯಲ್ಲಿ ಈ ಊರಿನ ಬಹುಪಾಲು ಸುಟ್ಟು ಹೋಗಿತ್ತು. ಮತ್ತೆ ಬೆಂಕಿ ಹಬ್ಬದಿರಲಿ ಅಂತ ಅಗಲವಾದ ರಸ್ತೆ ಮಾಡಿದರು. 1953ರಲ್ಲಿ ಶಾಲೆಯ ಮಕ್ಕಳು ಅದರ ನಡುವೆ ಸೇಬಿನ ಗಿಡ ನೆಟ್ಟರು. ಈಗಲೂ ನೋಡಿಕೊಳ್ಳುವುದು ಅದೇ ಶಾಲೆಯ ಮಕ್ಕಳು. ಕೈಗೆಟಕುವಷ್ಟು ತಗ್ಗಿನಲ್ಲಿ ಕೆಂಪು ಹಣ್ಣು ತೂಗುತ್ತಿತ್ತು. ಜನ ಸುಮ್ನೆ ನೋಡಿಕೊಂಡು ಹೋಗುತ್ತಿದ್ದರು.

ಊರಾಚೆ ಮನೆಗಳ ಸೂರಿನಲ್ಲಿ ಸಿಪ್ಪೆ ಹೆರೆದ ಕಾಕಿ (ಪರ್ಸಿಮನ್) ಹಣ್ಣಿನ ಸರಗಳು, ನಾವು ದೀಪಾವಳಿಗೆ ಕಟ್ಟುವ ಚೆಂಡು ಹೂವಿನ ಮಾಲೆಯಂತೆ. ಒಗರು ಹಣ್ಣು ಒಣಗುತ್ತಾ ಸಿಹಿಯಾಗಿ, ಮೈಮೇಲೆ ತನ್ನದೇ ಸಕ್ಕರೆಯ ಬಿಳಿ ಪುಡಿ ಹೊಮ್ಮುತ್ತದೆ. ಒಂದು ಮನೆಯ ಅಂಗಳದ ಕಾಕಿ ಮರದ ತುತ್ತತುದಿಯಲ್ಲಿ ಒಂದೇ ಹಣ್ಣು ಉಳಿಸಿದ್ದರು. ಕಿಮಾಮೊರಿ, ಅಂದರೆ ಮರ ಕಾಯುವ ಹಣ್ಣು. ಮುಂದಿನ ಫಸಲು ಚೆನ್ನಾಗಿ ಬರಲಿ, ಹಕ್ಕಿಗೂ ಇರಲಿ ಅಂತ. ಹಿಂದೆ ಜಾಸ್ತಿ ಬಿಡುತ್ತಿದ್ದರಂತೆ. ಈಗ ಕರಡಿ, ಮಂಗದ ಭಯಕ್ಕೆ ಪೂರ್ತಿ ಕೊಯ್ದುಬಿಡುತ್ತಾರೆ.

ಯಜಮಾನರ ತೋಟದ ಬೇಲಿಯ ಫೋಟೊ ಕಳಿಸಿದ್ದೇನೆ. ಕೆಳಗೆ ಬಲೆ, ಮೇಲೆ ಕರೆಂಟಿನ ತಂತಿ. ಕಂಬಕ್ಕೂ ತಂತಿ ಹಾಯಿಸಿದ್ದಾರೆ, ಮಂಗ ಹತ್ತುವುದು ಕಂಬ ಹಿಡಿದೇ ತಾನೇ. ನಿನ್ನ ಮೇಲಿನ ತೋಟಕ್ಕೆ ಆಗುತ್ತಾ ನೋಡು. ಅಡಿಕೆ ಕೊನೆಕೊಯ್ಲು ಶುರುವಾಯ್ತಾ? ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನವ