ಮುಖಕ್ಕೆ ಸೂಜಿ ಹಾಕುವವರು ಯಾರೆಂದು ಮೊದಲು ತಿಳಿಯಲಿ

ಮಾನ್ಯ ಸಂಪಾದಕರೇ,

ಹಣೆಯ ಸುಕ್ಕು ಅಳಿಸುವ, ತುಟಿ ತುಂಬಿಸುವ, ಕುಗ್ಗಿದ ಕೆನ್ನೆಯನ್ನು ಎತ್ತಿ ಕೊಡುವ ಚುಚ್ಚುಮದ್ದುಗಳ ಜಾಹೀರಾತುಗಳು ಈಗ ಪತ್ರಿಕೆಯ ಪುರವಣಿಯಿಂದ ಹಿಡಿದು ಮೊಬೈಲಿನ ಪರದೆಯವರೆಗೆ ಎಲ್ಲೆಲ್ಲೂ ಕಾಣುತ್ತಿವೆ. ಚಿಕಿತ್ಸೆಗೆ ಮೊದಲಿನ ಮುಖ, ನಂತರದ ಮುಖ, ರಿಯಾಯಿತಿ ಮುಗಿಯುವ ದಿನ, ಎಲ್ಲವೂ ಅವುಗಳಲ್ಲಿ ಇರುತ್ತದೆ. ಸೂಜಿ ಹಿಡಿಯುವವರ ಹೆಸರಾಗಲಿ, ಓದಾಗಲಿ, ವೈದ್ಯಕೀಯ ನೋಂದಣಿ ಸಂಖ್ಯೆಯಾಗಲಿ ಇರುವುದು ತೀರ ಅಪರೂಪ. ಇದನ್ನು ಬರೆಯಲು ನನಗೆ ಸ್ವಂತ ಕಾರಣವೊಂದಿದೆ.

ನನ್ನ ತಂಗಿ ಇಂಥದೇ ಒಂದು ಜಾಹೀರಾತು ನೋಡಿ, ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗಳನ್ನು ಫಿಲ್ಲರ್ ಎಂಬ ಚುಚ್ಚುಮದ್ದಿನಿಂದ ತುಂಬಿಸಿಕೊಳ್ಳಲು ಸೌಂದರ್ಯ ಕೇಂದ್ರವೊಂದಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಬಿಳಿ ಕೋಟು ತೊಟ್ಟಿದ್ದ ಯುವತಿಯೊಬ್ಬರು ನಗುನಗುತ್ತಲೇ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಅವರು ವೈದ್ಯರೇ ಎಂದು ನಾವಿಬ್ಬರೂ ಕೇಳಲಿಲ್ಲ. ತಂಗಿ ಎದ್ದು ಕೂರುವಷ್ಟರಲ್ಲಿ ಅವಳ ಬಲ ಹೊಳ್ಳೆಯ ಪಕ್ಕದ ಚರ್ಮ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಮನೆ ಸೇರುವ ಹೊತ್ತಿಗೆ ಅದೇ ಜಾಗದಲ್ಲಿ ಬಲೆ ಹೆಣೆದ ಹಾಗೆ ನೇರಳೆ ಗೆರೆಗಳು ಮೂಡಿದ್ದವು. ಫೋನ್ ಮಾಡಿದರೆ, “ಮೊದಲ ಸಲ ಎಲ್ಲರಿಗೂ ಹೀಗೇ ಆಗುತ್ತೆ, ಐಸ್ ಇಟ್ಕೊಳ್ಳಿ, ನಾಳೆ ಇಳಿಯುತ್ತೆ” ಎಂಬ ಉತ್ತರ ಬಂತು. ಸಂಜೆ ನೋವು ತಡೆಯಲಾಗದೆ ಅವಳು “ಅಕ್ಕಾ, ಒಳಗೆ ಸುಟ್ಟ ಹಾಗೆ ಆಗ್ತಿದೆ” ಎಂದು ಅಳತೊಡಗಿದಾಗ ಚರ್ಮರೋಗ ತಜ್ಞರೊಬ್ಬರ ಬಳಿಗೆ ಓಡಿದೆವು. ಅವರು ಆ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಣ್ಣ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದರು. ಎಡಗಡೆಯೂ ಹಾಗೆಯೇ ಮಾಡಿ ಹೋಲಿಸಿದರು. ಬಳಿಕ ಅವರು ಕೇಳಿದ್ದು ಒಂದೇ ಮಾತು: “ಒಳಗೆ ಹಾಕಿರುವುದು ಯಾವ ಫಿಲ್ಲರ್?”

ನಮಗೆ ಗೊತ್ತಿರಲಿಲ್ಲ. ಕೇಂದ್ರದವರು ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ಮೂರು ಬಾರಿ ಫೋನ್ ಮಾಡಿ, ಬೇಡಿಕೊಂಡು, ಹೆಸರು ತಿಳಿದುಕೊಳ್ಳುವಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದುಹೋಯಿತು. ಅದು ಹಯಲುರಾನಿಕ್ ಆಮ್ಲದ ಫಿಲ್ಲರ್ ಎಂದು ಖಚಿತವಾದ ಮೇಲೆ ವೈದ್ಯರು ಅದನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವವನ್ನು ರಾತ್ರಿಯವರೆಗೆ ಮತ್ತೆ ಮತ್ತೆ ಚುಚ್ಚಿ, ಫಿಲ್ಲರ್ ತಡೆದಿದ್ದ ರಕ್ತ ಆ ಜಾಗಕ್ಕೆ ಮತ್ತೆ ಹರಿಯುವಂತೆ ಮಾಡಿದರು. ಒಳಗಿದ್ದದ್ದು ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಅಥವಾ ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲದ ಫಿಲ್ಲರ್ ಆಗಿದ್ದಿದ್ದರೆ ಈ ಕಿಣ್ವ ಅದನ್ನು ಕರಗಿಸುತ್ತಿರಲಿಲ್ಲ. ತಂಗಿಯ ಮುಖ ಉಳಿಯಿತು. ಹೊಳ್ಳೆಯ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಗುಳಿಬಿದ್ದ ಕಲೆ ಮಾತ್ರ ಉಳಿದುಕೊಂಡಿದೆ.

ಅಂದಿನಿಂದ ನಾನು ಓದಿ, ಕೇಳಿ ತಿಳಿದುಕೊಂಡದ್ದರ ಸಾರ ಇಷ್ಟು. ಮುಖಕ್ಕೆ ಚುಚ್ಚುಮದ್ದು ಹಾಕಿಸಿಕೊಳ್ಳುವವರು ಯಾರ ಕೈ ಅಂದ ಹೆಚ್ಚಿಸುತ್ತದೆ ಎಂದು ಹುಡುಕುತ್ತಾರೆ. ಹುಡುಕಬೇಕಾದದ್ದು ಎಡವಟ್ಟಾದ ಕ್ಷಣದಲ್ಲಿ ಅದನ್ನು ಗುರುತಿಸಿ, ಅಲ್ಲೇ ಸರಿಪಡಿಸಬಲ್ಲವರನ್ನು. ಫಿಲ್ಲರ್ ಎಂಬುದು ಲೋಳೆಯಂಥ ವಸ್ತು. ಸೂಜಿಯ ತುದಿ ಅಪಧಮನಿಯೊಳಗೆ ಹೊಕ್ಕು ಲೋಳೆ ಅಲ್ಲಿ ಸೇರಿದರೆ ಮುಂದಿನ ಚರ್ಮಕ್ಕೆ ರಕ್ತ ಸಿಗದೆ ಅದು ಸಾಯತೊಡಗುತ್ತದೆ. ಹುಬ್ಬುಗಳ ನಡುವಿನ ಮತ್ತು ಮೂಗಿನ ಮೇಲಿನ ರಕ್ತನಾಳಗಳಿಗೆ ಕಣ್ಣಿನ ಒಳಗಿನ ನಾಳದೊಡನೆ ಸಂಪರ್ಕವಿರುವುದರಿಂದ, ಜೋರಾಗಿ ಒತ್ತಿದ ಲೋಳೆ ಹಿಮ್ಮುಖವಾಗಿ ಸರಿದು ಅಕ್ಷಿಪಟದ ರಕ್ತವನ್ನೇ ತಡೆದು ದೃಷ್ಟಿ ಹೋಗಬಹುದು. ಇದು ಅಪರೂಪ, ಆದರೆ ಕಲ್ಪನೆಯಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲೇ ಈ ಅಪಾಯದ ಬಗ್ಗೆ ಎಚ್ಚರಿಕೆ ನೀಡಿದೆ. ಅನೇಕ ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಲಿಡೋಕೇನ್ ಬೆರೆತಿರುವುದರಿಂದ ಮೊದಲಿಗೆ ನೋವೇ ತಿಳಿಯದೆ ಹೋಗಬಹುದು, ನನ್ನ ತಂಗಿಗೆ ಆದದ್ದೂ ಅದೇ. ಆಗ ಚರ್ಮದ ಬಣ್ಣ ನೋಡಿ ಅರ್ಥ ಮಾಡಿಕೊಳ್ಳುವ ಕಣ್ಣು ಬೇಕು. ಆ ಕಣ್ಣು ಮುಖದ ರಕ್ತನಾಳ, ನರ, ಸ್ನಾಯುಗಳನ್ನು ವರ್ಷಗಟ್ಟಲೆ ಓದಿ, ಹಿರಿಯರ ಕೈಕೆಳಗೆ ಕಲಿತವರಿಗೆ ಬರುತ್ತದೆಯೇ ಹೊರತು ಒಂದೆರಡು ದಿನದ ತರಬೇತಿಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರಿಗೆ ಬರುವುದಿಲ್ಲ.

ಆದ್ದರಿಂದ ಹೋಗುವ ಮೊದಲೇ ಕೇಳಬೇಕು: ಇಲ್ಲಿ ಹಯಲುರಾನಿಡೇಸ್ ಇಟ್ಟಿದ್ದೀರಾ, ಅದನ್ನು ಬಳಸಬಲ್ಲವರು ಚಿಕಿತ್ಸೆಯ ಹೊತ್ತಿನಲ್ಲಿ ಇಲ್ಲಿರುತ್ತಾರಾ, ರಾತ್ರಿ ತೊಂದರೆಯಾದರೆ ಫೋನ್ ಎತ್ತುವವರು ಯಾರು? ಆ ಕಿಣ್ವಕ್ಕೇ ಕೆಲವರಲ್ಲಿ ತೀವ್ರ ಅಲರ್ಜಿ ಆಗಬಹುದಾದ್ದರಿಂದ ಅದನ್ನು ನಿಭಾಯಿಸುವ ಸಿದ್ಧತೆಯೂ ಬೇಕು, ಅದು ಬ್ಯೂಟಿ ಪಾರ್ಲರಿನ ಕೋಣೆಯಲ್ಲಿ ಆಗುವ ಮಾತಲ್ಲ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಬಳಿ ಕುಳಿತುಕೊಳ್ಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೊಟಾಕ್ಸ್ ಎಂದು ಜನ ಕರೆಯುವ ಬೊಟುಲಿನಮ್ ಟಾಕ್ಸಿನ್‌ನ ಕಥೆ ಬೇರೆ. ಅದು ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ಉಳಿಯುತ್ತದೆ. ಹಯಲುರಾನಿಕ್ ಆಮ್ಲದ ಫಿಲ್ಲರಿನಂತೆ ಇದನ್ನು ಕರಗಿಸಿ ತೆಗೆಯುವ ದಾರಿಯಿಲ್ಲ. ತಪ್ಪು ಜಾಗಕ್ಕೆ ಬಿದ್ದು ರೆಪ್ಪೆ ಜೋತುಬಿದ್ದರೆ ವಾರಗಟ್ಟಲೆ ಹಾಗೆಯೇ ಇರಬೇಕಾಗುತ್ತದೆ. ಇದು ಪುಡಿಯ ರೂಪದಲ್ಲಿ ಬಂದಾಗ ಲವಣದ್ರಾವಣ ಬೆರೆಸಿ ಹದಮಾಡಬೇಕು, ಎಷ್ಟು ತೆಳುವಾಗಿ ಬೆರೆಸಿದರೆಂಬುದು ಕುರ್ಚಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದು ಬ್ರ್ಯಾಂಡಿನ ಯೂನಿಟ್‌ಗೆ ಸಮವೂ ಅಲ್ಲ. ಆದ್ದರಿಂದ ಬಾಟಲಿಯನ್ನು ನಮ್ಮ ಕಣ್ಣೆದುರು ತೋರಿಸಿ, ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಹಾಕಿದ ಯೂನಿಟ್‌ಗಳ ಲೆಕ್ಕವನ್ನು ಬರೆದುಕೊಡುವಂತೆ ಕೇಳುವುದು ಅಪನಂಬಿಕೆಯಲ್ಲ, ರೋಗಿಯ ಹಕ್ಕು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಅಥವಾ ಸರಿಯಾಗಿ ನಿರ್ವಹಿಸದ ಟಾಕ್ಸಿನ್ ಚುಚ್ಚಿಸಿಕೊಂಡವರಲ್ಲಿ ಕೆಲವರು ಆಸ್ಪತ್ರೆ ಸೇರಬೇಕಾಯಿತು; ಅವರಲ್ಲಿ ಅನೇಕರು ಚುಚ್ಚಿಸಿಕೊಂಡದ್ದು ಮನೆಗಳಲ್ಲಿ, ಸ್ಪಾಗಳಲ್ಲಿ.

ಸೂಜಿಯೇ ಇಲ್ಲದೆ ಒತ್ತಡದಿಂದ ಫಿಲ್ಲರ್ ತೂರಿಸುವ ಪೆನ್ನಿನಂಥ ಸಾಧನಗಳನ್ನು ಆನ್‌ಲೈನಿನಲ್ಲಿ ಕೊಂಡು ಮನೆಯಲ್ಲೇ ಬಳಸುವವರೂ ಇದ್ದಾರೆ. ಅವುಗಳಿಂದ ದೂರವಿರಿ ಎಂದು ಅಮೆರಿಕದ ಅದೇ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಹೇಳಿದೆ, ಅದಕ್ಕಿಂತ ಹೆಚ್ಚು ಹೇಳುವುದು ಬೇಡ.

ಅರ್ಹತೆಯನ್ನು ಪರಿಶೀಲಿಸುವುದು ಜನ ತಿಳಿದಷ್ಟು ಕಷ್ಟವಲ್ಲ. ಹೆಸರಿನ ಮುಂದೆ ‘ಡಾ.’ ಎಂದಿದ್ದರೆ ಸಾಲದು. ಯಾವ ಪದವಿ, ಚರ್ಮರೋಗ ಶಾಸ್ತ್ರದಲ್ಲೋ ಪ್ಲಾಸ್ಟಿಕ್ ಸರ್ಜರಿಯಲ್ಲೋ ಸ್ನಾತಕೋತ್ತರ ಓದು ಆಗಿದೆಯೇ, ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಿ, ಆ ಸಂಖ್ಯೆಯನ್ನು ವೈದ್ಯಕೀಯ ಮಂಡಳಿಯ ದಾಖಲೆಯಲ್ಲಿ ಹುಡುಕಿ ನೋಡಬೇಕು. ಕೆಲವು ದೇಶಗಳಲ್ಲಿ ತರಬೇತಿ ಪಡೆದ ದಾದಿಯರಿಗೂ ಈ ಕೆಲಸಕ್ಕೆ ಅನುಮತಿಯಿದೆ. ಅಂಥಲ್ಲಿ ಅವರ ಮೇಲ್ವಿಚಾರಣೆ ಮಾಡುವ ವೈದ್ಯರು ಯಾರೆಂದು ಕೇಳಬೇಕು. ಇದೆಲ್ಲದಕ್ಕಿಂತ ಮಿಗಿಲಾದ ಗುರುತೊಂದಿದೆ ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯ ವೈದ್ಯರು ಮೊದಲು ತಾವೇ ಪ್ರಶ್ನೆ ಕೇಳುತ್ತಾರೆ: ಗರ್ಭಿಣಿಯೇ, ಹಾಲುಣಿಸುತ್ತಿದ್ದೀರಾ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಮಯಸ್ತೇನಿಯಾ ಗ್ರೇವಿಸ್‌ನಂಥ ಸ್ನಾಯು ದೌರ್ಬಲ್ಯದ ಕಾಯಿಲೆಯಿದೆಯೇ, ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಏಳುತ್ತದೆಯೇ, ಮೊದಲು ಎಲ್ಲಿ ಏನು ಚುಚ್ಚಿಸಿಕೊಂಡಿದ್ದೀರಿ. ತಂಗಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಬಳಿ ನಂತರ ಹೋದ ನಮ್ಮ ಪರಿಚಯದ ಮಹಿಳೆಯೊಬ್ಬರಿಗೆ ಅವರು, “ನಿಮಗಿದು ಬೇಕಿಲ್ಲ” ಎಂದು ಹೇಳಿ ಕಳುಹಿಸಿದರು. ಅದನ್ನು ಕೇಳಿದ ಮೇಲೆ ಅವರ ಬಗ್ಗೆ ನನ್ನ ಗೌರವ ಇಮ್ಮಡಿಯಾಯಿತು. ಇವತ್ತೇ ಹಾಕಿಸಿಕೊಂಡರೆ ರಿಯಾಯಿತಿ ಎನ್ನುವವರಿಂದ ಇಂಥ ಮಾತು ಬರಲಾರದು.

ಚುಚ್ಚಿಸಿಕೊಂಡ ಮೇಲೆ ಚರ್ಮ ಬಿಳಿಚಿದರೆ, ಬಲೆಯಂಥ ಗೆರೆ ಮೂಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬಾರದು. ಕಣ್ಣು ಮಂಜಾದರಂತೂ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಇಂಥ ಚಿಕಿತ್ಸೆಗಳ ಜಾಹೀರಾತು ಒಪ್ಪಿಕೊಳ್ಳುವ ಮುನ್ನ, ಸೂಜಿ ಹಿಡಿಯುವವರ ಹೆಸರು, ಪದವಿ ಮತ್ತು ನೋಂದಣಿ ಸಂಖ್ಯೆಯನ್ನು ಕಡ್ಡಾಯವಾಗಿ ಕೇಳಿ, ಅದನ್ನು ಜಾಹೀರಾತಿನಲ್ಲೇ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ನಿಯಮವನ್ನು ತಮ್ಮ ಪತ್ರಿಕೆ ಮಾಡಿಕೊಳ್ಳಬೇಕು. ನಾವು ಅಂದು ನೋಡಿದ ಜಾಹೀರಾತಿನಲ್ಲಿ ಆ ಒಂದು ಸಾಲಿಗೆ ಬೇಕಾದಷ್ಟು ಜಾಗ ಖಾಲಿಯಿತ್ತು.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು