ಕೆರೆಗೆ ಗ್ಯಾಂಬೂಸಿಯಾ ಬೇಡ

ಮಾನ್ಯರೆ,

ಸೊಳ್ಳೆ ಕಾಟ ಹೆಚ್ಚಿದಾಗ ಕೆರೆ, ಬಾವಿಗಳಿಗೆ ಗ್ಯಾಂಬೂಸಿಯಾ ಮೀನು ಬಿಡುವುದು ವಾಡಿಕೆಯಾಗಿದೆ. 1928ರಲ್ಲಿ ಭಾರತಕ್ಕೆ ತಂದ, ಮೂಲತಃ ಅಮೆರಿಕದ ಈ ಪುಟ್ಟ ಮೀನು ಸೊಳ್ಳೆಮರಿಗಳನ್ನಷ್ಟೇ ತಿಂದು ಸುಮ್ಮನಿರುವುದಿಲ್ಲ. ಕಪ್ಪೆಯ ಗೊದಮೊಟ್ಟೆ, ಬೇರೆ ಮೀನುಗಳ ಮೊಟ್ಟೆ, ಮರಿಗಳನ್ನೂ ಮುಕ್ಕುತ್ತದೆ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವುದರಿಂದ ಬಹುಬೇಗ ತುಂಬಿಕೊಳ್ಳುತ್ತದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ನೆತ್ತಿಯಲ್ಲಿ ಬೆಳ್ಳಿಚುಕ್ಕೆಯಿರುವ, ನೀರಿನ ಮೇಲ್ಪದರದಲ್ಲೇ ಈಜುವ ನಮ್ಮ ನಾಡಿನ ಪಂಚಾಕ್ಸ್ ಮೀನು ಕೂಡ ಸೊಳ್ಳೆಮರಿ ತಿನ್ನುತ್ತದೆ. ಅದನ್ನು ಉಳಿಸಿ ಬೆಳೆಸಬಾರದೇಕೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ಕೂಲರ್, ಡ್ರಮ್, ಹಳೆಯ ಟೈರುಗಳ ನೀರಿನಲ್ಲಿ, ಕೆರೆಯಲ್ಲಲ್ಲ. ಕಲಬುರಗಿಯ ಅಪ್ಪನ ಕೆರೆಗಾಗಲಿ, ಭೀಮೆಗೆ ಸೇರುವ ಹಳ್ಳಗಳಿಗಾಗಲಿ ದಯವಿಟ್ಟು ಗ್ಯಾಂಬೂಸಿಯಾ ಬಿಡಬೇಡಿ.

– ಓದುಗ, ಕಲಬುರಗಿ