"ಅಷ್ಟು ಸುಲಭಾನಾ?" ಅಂತ ಕೇಳಿ ಹೋದ ಮಗಳಿಗೆ

ಪ್ರೀತಿಯ ಮಗಳೇ,

ಭಾನುವಾರ ಚರ್ಚಿನಲ್ಲಿ ನನ್ನ ತಮ್ಮ ಎದ್ದು ನಿಂತು, ತನ್ನ ಕುಡಿತ, ಕಳ್ಳತನ ಎಲ್ಲವನ್ನೂ ದೇವರು ಕ್ಷಮಿಸಿದ ಅಂತ ಸಾಕ್ಷಿ ಹೇಳಿದ, ನೀನು "ಅಷ್ಟು ಸುಲಭಾನಾ?" ಅಂತ ಕೇಳಿ ಹೋದೆ. ಅದನ್ನೆಲ್ಲ ಮತ್ತೆ ಬಿಡಿಸಿ ಬರೆಯುವುದಿಲ್ಲ. ನೀನೂ ಅಲ್ಲೇ ಇದ್ದೆ, ನಾನೂ ಇದ್ದೆ. ಊಟ ಮಾಡದೆ ಬೆಂಗಳೂರು ಬಸ್ ಹತ್ತಿದೆಯಲ್ಲ, ಅದು ಮಾತ್ರ ಇನ್ನೂ ಬೇಜಾರು. ಫೋನ್ ಮಾಡಿದರೆ "ಸರಿ ಅಮ್ಮ, ಡ್ಯೂಟಿ ಇದೆ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ.

ಕದ್ದು ಕುಡಿದವನು ಎದ್ದು ನಿಂತು ಸಾಕ್ಷಿ ಹೇಳಿದರೆ ಎಲ್ಲ ಆಯ್ತಾ, ನಮ್ಮ ದುಡ್ಡು ವಾಪಸ್ ಕೊಡದವನು ಸ್ತೋತ್ರ ಕಾಣಿಕೆ ಕವರ್ ಹಾಕ್ತಾನಾ ಅಂತ ಕೇಳಿದೆ. ಕವರ್ ವಿಷಯದಲ್ಲಿ ನಿನ್ನ ಮಾತೇ ಸರಿ. ಮಾರನೇ ದಿನವೇ ನಿನ್ನ ಮಾವನನ್ನು ಕೂರಿಸಿ ಮತ್ತಾಯ 5ನೇ ಅಧ್ಯಾಯದ 23, 24ನೇ ವಚನ ಓದಿಸಿದೆ. ಕಾಣಿಕೆ ತರುವಾಗ ನಿನ್ನ ಮೇಲೆ ಯಾರಿಗಾದರೂ ದೂರಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಅಂತ ಯೇಸುವೇ ಹೇಳಿದ್ದು. ಓದಿ ತಲೆ ತಗ್ಗಿಸಿದ. "ಮಗು ನನ್ನ ಮುಖಾನೇ ನೋಡಲ್ಲ ಅಕ್ಕ, ಹೇಗೆ ಹೋಗಲಿ?" ಅಂದ. ಅದು ನಿನ್ನ ಪಾಡು ಅಂದೆ.

ನಾನೇನೂ ಆ ರಾತ್ರಿಯನ್ನು ಮರೆತಿಲ್ಲ. ನಿನ್ನ ನರ್ಸಿಂಗ್ ಫೀಸಿನ ದುಡ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದೆ. ಮೊಣಕೈವರೆಗೂ ಕೈ ಹಾಕಿದೆ. ತಣ್ಣಗೆ ರಾಗಿ, ಬೆರಳ ಸಂದಿಯಲ್ಲೆಲ್ಲ ಜಾರುತ್ತಿತ್ತು. ತಳಕ್ಕೆ ಹೋಗಿರಬೇಕು ಅಂದುಕೊಂಡು ಇನ್ನೂ ಕೆದಕಿದೆ. ಆಮೇಲೆ ಡಬ್ಬ ಬಗ್ಗಿಸಿ ಮೊರಕ್ಕೆ ಸುರಿದೆ. ಒಂದು ಮೊರ, ಇನ್ನೊಂದು ಮೊರ. ಕೊನೆಯಲ್ಲಿ ರಬ್ಬರ್ ಬ್ಯಾಂಡ್ ಒಂದು ಬಿತ್ತು. ಅಷ್ಟೇ. ಅದನ್ನು ಬಿಚ್ಚಿ ಅಲ್ಲೇ ಬಿಟ್ಟು ಹೋಗಿದ್ದ ನೋಡು! ಕವರ್ ಸಮೇತ ಎತ್ತಿಕೊಂಡು ಹೋಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಕೂತು ನಿಧಾನಕ್ಕೆ ಎಣಿಸಿದ್ದಾನೆ ಅನ್ನಿಸಿತು. ಬಳೆ ಸಂದಿಯಲ್ಲಿ ಸಿಕ್ಕಿದ ರಾಗಿ ಕಾಳು ಬೆಳಿಗ್ಗೆ ಮುಖ ತೊಳೆಯುವಾಗಲೂ ಇತ್ತು. ಇವತ್ತಿಗೂ ರಾಗಿ ಹಿಟ್ಟು ಮಾಡಿಸೋಕೆ ಡಬ್ಬ ಬಗ್ಗಿಸಿದಾಗ ಕಣ್ಣು ತಳಕ್ಕೇ ಹೋಗುತ್ತೆ. ಬಿಡು, ಎಲ್ಲಿಂದ ಎಲ್ಲಿಗೋ ಹೋದೆ. ಆಮೇಲೆ ಸಂಘದವರು ಸಾಲ ಕೊಟ್ಟದ್ದು ನಿನಗೆ ಗೊತ್ತೇ ಇದೆ.

ಆ ರಾತ್ರಿ ನನ್ನ ತಮ್ಮನ ಬಗ್ಗೆ ನನ್ನ ಮನಸ್ಸಿನಲ್ಲಿ ಏನಿತ್ತು ಅನ್ನೋದನ್ನು ನಿನಗೂ ಬರೆಯಲ್ಲ. ದೇವರಿಗೆ ಗೊತ್ತು. ಚರ್ಚಿನಲ್ಲಿ ಎಲ್ಲರೂ ನನ್ನನ್ನು ಒಳ್ಳೆಯವಳು ಅಂತಾರೆ. ಕುಡಿದವಳಲ್ಲ, ಕದ್ದವಳಲ್ಲ, ಸಾಕ್ಷಿ ಹೇಳು ಅಂದರೆ ಹೇಳೋಕೆ ಕಥೆಯೇ ಇಲ್ಲ. ಆದರೂ ಭಾನುವಾರ ಅವನು ಅಳುತ್ತಾ ನಿಂತಾಗ, ಅವನಿಗೆ ಸಿಕ್ಕಿದ ಕ್ಷಮೆಯೇ ನನಗೂ ಸಿಕ್ಕಿದ್ದು ಅಂತ ನನಗೆ ಗೊತ್ತಿತ್ತು. ನನ್ನದಕ್ಕೆ ಕಡಿಮೆ ಬೆಲೆ, ಅವನದಕ್ಕೆ ಜಾಸ್ತಿ ಬೆಲೆ ಅಂತ ಶಿಲುಬೆಯ ಹತ್ತಿರ ಯಾರೂ ಲೆಕ್ಕ ಹಾಕಲಿಲ್ಲ.

ದೇವರು ಕ್ಷಮಿಸಿದ್ದಾನೆ ಅಂದರೆ ನಿನ್ನ ದುಡ್ಡು ಮನ್ನಾ ಆಯ್ತು ಅಂತ ಅಲ್ಲ. ಅವನು ಕೊಡಲೇಬೇಕು. ಲೂಕ 19ರಲ್ಲಿ, ಯೇಸುವನ್ನು ನೋಡೋಕೆ ಮರ ಹತ್ತಿದ್ದ ಸುಂಕದವನು ಜಕ್ಕಾಯನೂ ಮೋಸದಿಂದ ತಗೊಂಡದ್ದನ್ನು ಕೊಟ್ಟೇ ಕೊಡ್ತೀನಿ ಅಂದ, ಅದೂ ನಾಲ್ಕರಷ್ಟು. ಆದರೆ ಯಾವಾಗ ಅಂದ, ನೋಡು. ಯೇಸು ಮೊದಲು ನಿನ್ನ ಮನೆಗೆ ಬರ್ತೀನಿ ಅಂದ, ಊರೆಲ್ಲ ಗೊಣಗಿತು, ಆಮೇಲೆ. ಮೊದಲು ಸಾಲ ತೀರಿಸು, ಆಮೇಲೆ ಬರ್ತೀನಿ ಅಂದಿದ್ದರೆ ಜಕ್ಕಾಯ ಇನ್ನೂ ಆ ಮರದ ಮೇಲೇ ಇರುತ್ತಿದ್ದ. ಪೌಲನೂ ಎಫೆಸ ಪತ್ರದ 2ನೇ ಅಧ್ಯಾಯದಲ್ಲಿ ಅದನ್ನೇ ಬರೆದ. ರಕ್ಷಣೆ ಆದದ್ದು ಕೃಪೆಯಿಂದ, ನಾವು ಮಾಡಿದ ಕೆಲಸದಿಂದಲ್ಲ, ಅದಕ್ಕೇ ಯಾರೂ ಜಂಬ ಪಡುವ ಹಾಗಿಲ್ಲ. ಜಂಬ ಅಂದಾಗ ನನಗೆ ನಾನೇ ನೆನಪಾಗ್ತೀನಿ. ನೀನೂ, ಸ್ವಲ್ಪ.

ನಮ್ಮ ಕೋಲಾರದ ಕಥೆಯನ್ನೇ ತಗೋ. 1876–78ರ ದೊಡ್ಡ ಬರದಲ್ಲಿ ಇಲ್ಲಿ ಮಿಷನರಿ ಮಿಸ್ ಆನ್‌ಸ್ಟಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ನಮ್ಮ ಅಜ್ಜಿಯ ಅಜ್ಜಿ ಅಂಥ ಒಂದು ಮಗು ಅಂತ ನಮ್ಮ ಮನೆಯಲ್ಲಿ ಹೇಳ್ತಾರೆ. ಆ ಮಗು ಯಾವ ಪುಣ್ಯ ಮಾಡಿತ್ತು ಅಂತ ಗಂಜಿ ಕೊಟ್ಟರು? ಹಸಿದಿತ್ತು, ಕೊಟ್ಟರು. ನಾವು ಊಟಕ್ಕೆ ಮುಂಚೆ ಸ್ತೋತ್ರ ಹೇಳೋದು ಅಲ್ಲಿಂದ ಬಂದದ್ದು ಅಂತಲೇ ನಾನು ತಿಳಿದುಕೊಂಡಿದ್ದೇನೆ.

ನನ್ನ ಭಯ ಹೇಳ್ತೀನಿ. ಲೂಕ 15ರಲ್ಲಿ, ಆಸ್ತಿ ಕಳೆದು ವಾಪಸ್ ಬಂದ ತಮ್ಮನಿಗೆ ಅಪ್ಪ ಹಬ್ಬ ಮಾಡಿದಾಗ ಸಿಟ್ಟಿನಿಂದ ಒಳಗೆ ಬರದ ದೊಡ್ಡ ಮಗನ ಹಾಗೆ ನೀನು ಹೊರಗೇ ನಿಂತುಬಿಡ್ತೀಯೇನೋ ಅಂತ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ತಮ್ಮನು ಆಸ್ತಿ ಹಾಳು ಮಾಡಿದ್ದು ನಿಜ, ಇವನು ದುಡಿದದ್ದೂ ನಿಜ. ಆದರೂ ಕೊನೆಗೆ ಒಳಗೆ ಹೋದನೋ ಇಲ್ಲವೋ ಅಂತ ಬೈಬಲ್ ಹೇಳಲ್ಲ. ಅಪ್ಪ ಹೊರಗೆ ಬಂದು ಬೇಡಿಕೊಂಡ ಅನ್ನೋದಷ್ಟೇ ಇದೆ. ಭಾಷಣ ಆಯ್ತು ಅಂತೀಯ. ಹೌದು, ಆಯ್ತು. ಭಾನುವಾರ ಎಲ್ಲರೆದುರು ನಿನ್ನ ಕೈ ಹಿಡಿದು ಎಳೆದೆನಲ್ಲ, ಅದಕ್ಕೆ ಸಾರಿ ಕಣೇ. ಫೀಸು ಕಳೆದುಹೋದ ಹುಡುಗಿ ಇವತ್ತು ಐಸಿಯು ನೋಡಿಕೊಳ್ತಾಳೆ ಅಂತ ಬೀದಿಯವರಿಗೆಲ್ಲ ಹೇಳುವವಳೂ ನಾನೇ.

ನಿನ್ನ ಮಾವ ಈಗ ಟೊಮೆಟೊ ಮಂಡಿಯಲ್ಲಿ ಬೆಳಗಿನ ಜಾವದಿಂದ ಬಾಕ್ಸ್ ಇಳಿಸ್ತಾನೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತ್ತಲ್ಲ, ಆ ಕಾಲ ಈಗಿಲ್ಲ, ಬಂದರೂ ಅದು ಇಳಿಸುವವನ ಜೇಬಿಗೆ ಬರಲ್ಲ. ನಾಲ್ಕರಷ್ಟು ಅವನಿಂದ ಈ ಜನ್ಮಕ್ಕೆ ಆಗದ ಮಾತು. ವಾರಕ್ಕೆ 500 ಕೊಡ್ತೀನಿ ಅಂದಿದ್ದಾನೆ. ಮತ್ತೆ ಕುಡಿಯಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ. ಮಾತಾಡಿಸು ಅಂತಲೂ ಹೇಳಲ್ಲ, ಅದು ನಿನಗೆ ಯಾವಾಗ ಆಗುತ್ತೋ ಆವಾಗ. ಆ ದುಡ್ಡನ್ನು ನೇರವಾಗಿ ನಿನಗೇ ಹಾಕಬೇಕಂತೆ, ನಿನ್ನ ಫೋನ್‌ಪೇ ನಂಬರ್ ಕೇಳ್ತಿದ್ದಾನೆ. ಕೊಡಲಾ?

ನಿನ್ನ ಅಮ್ಮ